ಶೈತ್ಯದ ಸಾಧಕ

ಭೌತಶಾಸ್ತ್ರದ ಪಾಠ ಹೇಳುವ ನಾನು, ಅತಿವಾಹಕತೆಯ ಅಧ್ಯಾಯಕ್ಕೆ ಬಂದಾಗಲೆಲ್ಲ ಹೈಕೆ ಕಮರ್ಲಿಂಗ್ ಓನ್ನೆಸರನ್ನು ನೆನೆಯುತ್ತೇನೆ. 1853ರಲ್ಲಿ ಹಾಲೆಂಡಿನ ಗ್ರೋನಿಂಗೆನ್‌ನಲ್ಲಿ ಹುಟ್ಟಿದರು. ಇಟ್ಟಿಗೆ ಕಾರ್ಖಾನೆಯವರ ಮಗ ಬೆಂಕಿಯನ್ನು ಬಿಟ್ಟು ಚಳಿಯ ಬೆನ್ನುಹತ್ತಿದ್ದು ವಿಧಿಯ ವಿನೋದವೇ ಸರಿ! 1882ರಲ್ಲಿ ಲೈಡನ್ನಿನ ಪ್ರಾಧ್ಯಾಪಕರಾದ ಮೇಲೆ, ಹೀಲಿಯಂ ಅನಿಲವನ್ನು ದ್ರವವಾಗಿಸಲು 26 ವರ್ಷ ಹಿಡಿಯಿತು. ಉಪಕರಣ ಮಾಡುವವರನ್ನು ತಿದ್ದಲು ಶಾಲೆಯನ್ನೇ ತೆರೆದರು.

1911ರ ಏಪ್ರಿಲ್‌ನಲ್ಲಿ, ಸೊನ್ನೆಗಿಂತ ಸುಮಾರು 269 ಡಿಗ್ರಿ ಕೆಳಗೆ, ಪಾದರಸದ ವಿದ್ಯುತ್ ರೋಧ ಇದ್ದಕ್ಕಿದ್ದಂತೆ ಅಳತೆಗೇ ಸಿಗದಾಯಿತು. ಗ್ಯಾಲ್ವನೋಮೀಟರಿನ ಮುಂದೆ ಕುಳಿತು ಅದನ್ನು ಕಂಡವರು ಗಿಲೆಸ್ ಹೋಲ್ಸ್ಟ್; ಪ್ರಬಂಧದ ಮೇಲೆ ಗುರುವಿನ ಹೆಸರು ಮಾತ್ರ. ಅದು ಅಂದಿನ ರೂಢಿ ಎನ್ನಬಹುದು, ನನಗಂತೂ ಸಮಾಧಾನವಿಲ್ಲ. 1913ರಲ್ಲಿ ನೊಬೆಲ್ ಪಾರಿತೋಷಕ ಬಂದಿತು.

1926ರಲ್ಲಿ ಕಣ್ಣು ಮುಚ್ಚುವಾಗಲೂ ಈ ವಿಸ್ಮಯದ ಕಾರಣ ಅವರಿಗೆ ತಿಳಿದಿರಲಿಲ್ಲ. ಎಲೆಕ್ಟ್ರಾನುಗಳು ಜೋಡಿಗೂಡುತ್ತವೆ, ಜೋಡಿಯನ್ನು ಮುರಿಯಲು ನಿಶ್ಚಿತವಾದ ಕನಿಷ್ಠ ಶಕ್ತಿ ಬೇಕು ಎಂದು ಬಾರ್ಡೀನ್, ಕೂಪರ್, ಶ್ರೀಫರ್ ತೋರಿಸಿದ್ದು 1957ರಲ್ಲಿ. 1960ರಲ್ಲಿ ಐವಾರ್ ಯೇವರ್ ಅಲ್ಯೂಮಿನಿಯಂ, ಸೀಸಗಳ ತೆಳುಪದರಗಳ ನಡುವೆ ಆಕ್ಸೈಡಿನ ಪೊರೆಯಿರಿಸಿ, ವೋಲ್ಟೇಜನ್ನು ಮೆಲ್ಲನೆ ಏರಿಸುತ್ತ, ಎಲ್ಲಿ ವಿದ್ಯುತ್ತು ಧಾರಾಳವಾಗಿ ನುಸುಳತೊಡಗುವುದೆಂದು ನೋಡಿ ಆ ಶಕ್ತಿಯ ಅಂತರವನ್ನು ಅಳೆದರು. ಆ ಪದರಗಳು ಮುಳುಗಿದ್ದುದು ದ್ರವ ಹೀಲಿಯಮ್ಮಿನಲ್ಲಿ.