ಒಂದೇ ಮನೆಯ ಮಕ್ಕಳು, ಎರಡು ಸೇನೆ: ಜನರಲ್ ತಿಮ್ಮಯ್ಯನವರ ಬಾಳು



ಬೇಮಳಖೇಡ, ಹುಮನಾಬಾದ್ ಕಡೆಯ ನಮ್ಮ ಹಿರಿಯರಿಗೆ ಯುದ್ಧವೆಂದರೆ 1948ರ ಸೆಪ್ಟೆಂಬರ್ ತಿಂಗಳು. ಸೋಲಾಪುರದಿಂದ ಹೊರಟ ಭಾರತೀಯ ಸೇನೆ ನಳದುರ್ಗ ದಾಟಿ, ಹುಮನಾಬಾದಿನ ರಸ್ತೆಯಲ್ಲೇ ಜಹೀರಾಬಾದಿನತ್ತ ಸಾಗಿತು. ನಿಜಾಮರ ಆಳ್ವಿಕೆ ಮುಗಿಯಿತು. ಆದರೆ ಅದಕ್ಕೂ ಮೂರು ವರ್ಷ ಮೊದಲು, ಹೈದರಾಬಾದಿನ ಹೆಸರನ್ನೇ ಹೊತ್ತ ಒಂದು ಪಡೆ ಬರ್ಮಾದ ಕಡಲ ತೀರದಲ್ಲಿ ಎರಡನೇ ಮಹಾಯುದ್ಧದ ಒಂದು ಘೋರ ಕದನವನ್ನು ಗೆದ್ದಿತ್ತು. ಅದರ ನಾಯಕ ಕನ್ನಡ ನಾಡಿನವರೇ ಎಂಬುದು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಅವರು ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಹುಟ್ಟಿದ್ದು 1906ರ ಮಾರ್ಚಿಯಲ್ಲಿ, ಮಡಿಕೇರಿಯಲ್ಲಿ. ಕೊಡವ ಮನೆತನ, ನಮ್ಮ ಧರ್ಮಸಭೆಗೆ ಸೇರಿದವರಲ್ಲ. ಆದರೂ ಎಂಟನೇ ವಯಸ್ಸಿಗೆ ತಂದೆತಾಯಿ ಅವರನ್ನು ಕಳುಹಿಸಿದ್ದು ಕೂನೂರಿನ ಸಂತ ಜೋಸೆಫರ ಶಾಲೆಗೆ. ಐರಿಷ್ ಬ್ರದರುಗಳು ನಡೆಸುತ್ತಿದ್ದ ಶಾಲೆ, ಶಿಸ್ತಿಗೆ ಹೆಸರಾದದ್ದು. ಮುಂದೆ ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಡೆಹ್ರಾಡೂನಿನ ಸೈನಿಕ ಕಾಲೇಜು, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. 1926ರಲ್ಲಿ ಸೇನಾಧಿಕಾರಿಯಾದರು. ಅಣ್ಣ ಪೊನ್ನಪ್ಪ, ತಮ್ಮ ಸೋಮಯ್ಯ ಕೂಡ ಸೈನ್ಯ ಸೇರಿದರು.

ತಿಮ್ಮಯ್ಯ ಸೇರಿದ್ದು 19ನೇ ಹೈದರಾಬಾದ್ ರೆಜಿಮೆಂಟಿಗೆ. ಇದರ ಬೇರು ನಿಜಾಮರ ಖರ್ಚಿನಲ್ಲಿ ಬ್ರಿಟಿಷರು ನಡೆಸುತ್ತಿದ್ದ ಹಳೆಯ ಹೈದರಾಬಾದ್ ಕಂಟಿಂಜೆಂಟಿನಲ್ಲಿದೆ. ಆ ಪಡೆಯ ವೆಚ್ಚಕ್ಕೆಂದು 1853ರಲ್ಲಿ ಬೇರಾರ್ ಮಾತ್ರವಲ್ಲ, ರಾಯಚೂರು ಸೀಮೆ, ನಳದುರ್ಗ ಸೀಮೆಗಳನ್ನೂ ನಿಜಾಮರು ಬ್ರಿಟಿಷರಿಗೆ ಬಿಟ್ಟುಕೊಟ್ಟಿದ್ದರು. ನಮ್ಮ ಸುತ್ತಮುತ್ತಲ ರೈತರ ಕಂದಾಯದಿಂದ ಬೆಳೆದ ಪಡೆ ಎನ್ನೋಣ. ತಿಮ್ಮಯ್ಯನವರ ಕಾಲಕ್ಕೆ ಸೈನಿಕರಲ್ಲಿ ಹೆಚ್ಚಿನವರು ಉತ್ತರದವರಾಗಿದ್ದರೂ ಹೆಸರು ಉಳಿದಿತ್ತು.

ಪರರ ಸೇನೆಯಲ್ಲಿ ದುಡಿಯುವುದು ಸರಿಯೇ? ಈ ಪ್ರಶ್ನೆ ಆ ಯುವಕನನ್ನೂ ಕಾಡಿತು. ಅಲಹಾಬಾದಿನಲ್ಲಿದ್ದಾಗ, ರಾಜೀನಾಮೆ ಕೊಡಲೇ ಎಂದು ಮೋತಿಲಾಲ್ ನೆಹರೂ ಅವರನ್ನೇ ಕೇಳಿದರು. ಬೇಡ, ನಾಳೆ ದೇಶ ಸ್ವತಂತ್ರವಾದಾಗ ತರಬೇತಾದ ಅಧಿಕಾರಿಗಳು ಬೇಕಾಗುತ್ತಾರೆ ಎಂಬ ಸಲಹೆ ಸಿಕ್ಕಿತು. ಅವರು ಉಳಿದರು. 1935ರಲ್ಲಿ ನೀನಾ ಅವರನ್ನು ಮದುವೆಯಾದರು. ಅದೇ ವರ್ಷ ಕ್ವೆಟ್ಟಾದಲ್ಲಿ ಭಾರಿ ಭೂಕಂಪ. ಹೊಸ ದಂಪತಿ ಗಾಯಾಳುಗಳ ಸೇವೆಗೆ ನಿಂತರು. ಆ ಸೇವೆಗಾಗಿ ನೀನಾ ಅವರಿಗೆ ಕೈಸರ್-ಎ-ಹಿಂದ್ ಪದಕ ದೊರೆಯಿತು.

ಯುದ್ಧ ಆರಂಭವಾದಾಗ ಅವರ ಬೆಟಾಲಿಯನ್ ಸಿಂಗಪುರದಲ್ಲಿತ್ತು. ತಿಮ್ಮಯ್ಯನವರು ಭಾರತಕ್ಕೆ ವರ್ಗವಾಗಿ ಬಂದರು. ಆಮೇಲೆ ಜಪಾನೀಯರು ಮಲಯಕ್ಕೆ ನುಗ್ಗಿ ಆ ಬೆಟಾಲಿಯನ್ನನ್ನು ನುಚ್ಚುನೂರು ಮಾಡಿದರು. 1942ರ ಫೆಬ್ರವರಿ 15ರಂದು ಸಿಂಗಪುರ ಬಿತ್ತು. ಸುಮಾರು 40 ಸಾವಿರ ಭಾರತೀಯ ಸೈನಿಕರು ಸೆರೆಯಾದರು. ಅವರಲ್ಲಿ ಸಾವಿರಾರು ಮಂದಿ ಆಜಾದ್ ಹಿಂದ್ ಸೇನೆಗೆ ಸೇರಿ, ಮುಂದೆ ಸುಭಾಷರ ಹಿಂದೆ ನಡೆದರು. ಅಣ್ಣ ಪೊನ್ನಪ್ಪನೂ ಆ ಸೇನೆ ಸೇರಿದರು.

ತಾಯಂದಿರೇ, ಒಂದು ಕ್ಷಣ ನಿಲ್ಲಿ. ಒಂದೇ ಒಡಲಿನ ಇಬ್ಬರು ಮಕ್ಕಳು ಎದುರುಬದುರಾದ ಎರಡು ಸೇನೆಗಳಲ್ಲಿ. ಇಬ್ಬರಿಗೂ ಬೇಕಾದದ್ದು ಒಂದೇ ದೇಶದ ಸ್ವಾತಂತ್ರ್ಯ. ಯಾರು ದ್ರೋಹಿ, ಯಾರು ದೇಶಭಕ್ತ ಎಂದು ಸಲೀಸಾಗಿ ತೀರ್ಪು ಕೊಡುವವರು ಈ ಮನೆಯನ್ನು ನೆನೆಯಬೇಕು.

1944ರಲ್ಲಿ ಯುದ್ಧದ ಗಾಳಿ ತಿರುಗಿತು. ಇಂಫಾಲ, ಕೊಹಿಮಾದತ್ತ ನುಗ್ಗಿ ಬಂದ ಸುಮಾರು 85 ಸಾವಿರ ಜಪಾನೀಯರಲ್ಲಿ 50 ಸಾವಿರಕ್ಕೂ ಹೆಚ್ಚು ಮಂದಿ ಸತ್ತರು ಇಲ್ಲವೇ ಗಾಯಗೊಂಡರು. ಗುಂಡಿಗಿಂತ ಹಸಿವು, ರೋಗಕ್ಕೆ ಬಲಿಯಾದವರೇ ಅಧಿಕ. ಆ ಮೇಲೆ ಅರಕಾನ್ ತೀರ. 1945ರ ಜನವರಿ ಕೊನೆಯಲ್ಲಿ ಕಂಗಾವ್ ಎಂಬಲ್ಲಿ ಜಪಾನೀಯರು ಹಿಮ್ಮೆಟ್ಟುವ ರಸ್ತೆಯನ್ನು ಕಡಿಯಬೇಕಿತ್ತು. ಗದ್ದೆ, ಕೆಸರು, ಮ್ಯಾಂಗ್ರೋವ್ ಕಾಡು, ನಡುವೆ ಗುಡ್ಡಗಳು. ಅಲ್ಲಿದ್ದ 51ನೇ ಬ್ರಿಗೇಡಿನ ಮೂರು ಬೆಟಾಲಿಯನ್ನುಗಳಿಗೂ ಭಾರತೀಯರೇ ನಾಯಕರು: ತಿಮ್ಮಯ್ಯ, ತೋರಟ್, ಸೇನ್. ಭಾರತೀಯರಿಗೆ ಸೈನ್ಯ ನಡೆಸಲು ಬಾರದು ಎಂಬ ಬಿಳಿಯರ ಹಳೆಯ ಮಾತಿಗೆ ಅಲ್ಲಿ ಉತ್ತರ ಸಿಕ್ಕಿತು. ಕಂಗಾವ್ ವಶವಾಯಿತು. ಮೂವರಿಗೂ ಡಿ.ಎಸ್.ಒ. ಗೌರವ. ತಿಮ್ಮಯ್ಯನವರು ಆ ಯುದ್ಧಭೂಮಿಯಲ್ಲಿ ಬ್ರಿಗೇಡ್ ನಡೆಸಿದ ಏಕೈಕ ಭಾರತೀಯರಾದರು. ಅದೇ ವರ್ಷ ಸೆಪ್ಟೆಂಬರ್ 12ರಂದು ಜಪಾನೀಯರು ಸಿಂಗಪುರದಲ್ಲಿ ಶರಣಾದಾಗ ಅವರು ಅಲ್ಲಿದ್ದರು. ತಮ್ಮ ಹಳೆಯ ಜೊತೆಗಾರರು ಸೆರೆಗೆ ಬಿದ್ದಿದ್ದ ಅದೇ ಊರು!

1948ರಲ್ಲಿ ಕಾಶ್ಮೀರದ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸಿದ ಸಾಹಸವನ್ನು ನೀವು ಕೇಳಿರಬಹುದು. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದುದೂ ಗೊತ್ತಿರುವುದೇ. ನನ್ನ ಮಟ್ಟಿಗೆ ಅವರ ಬಾಳಿನ ದೊಡ್ಡ ಪರೀಕ್ಷೆ ನಡೆದದ್ದು 1953ರಲ್ಲಿ, ಕೊರಿಯಾದಲ್ಲಿ. ಅಲ್ಲಿ 22 ಸಾವಿರಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯಾದ ಸೆರೆಯಾಳುಗಳು ಊರಿಗೆ ಮರಳಲು ಒಪ್ಪಿರಲಿಲ್ಲ. ಅವರ ವಿಚಾರ ನೋಡುವ ಐದು ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯ ಅಧ್ಯಕ್ಷರು. ಸೆರೆಯಾಳುಗಳನ್ನು ಕಾಯುವ ಭಾರತೀಯ ಪಡೆಗೆ ಕಂಗಾವ್‌ನ ಗೆಳೆಯ ತೋರಟ್ ನಾಯಕ. ದಕ್ಷಿಣ ಕೊರಿಯಾದ ಅಧ್ಯಕ್ಷರು ಭಾರತೀಯರು ತಮ್ಮ ನೆಲ ಮೆಟ್ಟಕೂಡದೆಂದು ಹಟ ಹಿಡಿದದ್ದರಿಂದ ನಮ್ಮ ಸೈನಿಕರನ್ನು ಹೆಲಿಕಾಪ್ಟರುಗಳಲ್ಲಿ ಒಯ್ಯಬೇಕಾಯಿತು. ಶಿಬಿರದೊಳಗೆ ಸೆರೆಯಾಳುಗಳ ಮುಖಂಡರೇ ತಮ್ಮವರನ್ನು ಬೆದರಿಸುತ್ತಿದ್ದರು. ಎರಡೂ ಪಾಳೆಯಗಳಿಂದ ಬೈಗುಳ.

ತಿಮ್ಮಯ್ಯನವರು ಹಿಡಿದ ನಿಲುವು ಇಷ್ಟೇ: ಒಬ್ಬೊಬ್ಬ ಸೆರೆಯಾಳೂ ತಾನೇ ತನ್ನ ಆತ್ಮಸಾಕ್ಷಿಯಂತೆ ಆರಿಸಬೇಕು; ಯಾರೂ ಎಳೆಯಬಾರದು, ಯಾರೂ ತಡೆಯಬಾರದು. ಅದು ಪೂರ್ತಿಯಾಗಿ ನಡೆಯಲಿಲ್ಲ. ಅನೇಕರಿಗೆ ತಮ್ಮ ದೇಶದವರ ಮಾತು ಕೇಳುವ ಅವಕಾಶವೇ ಸಿಗಲಿಲ್ಲ. ಎರಡು ಪಾಳೆಯವೂ ಬೇಡವೆಂದ 80ಕ್ಕೂ ಹೆಚ್ಚು ಮಂದಿ ಮಾತ್ರ 1954ರಲ್ಲಿ ನಮ್ಮ ಸೈನಿಕರ ಜೊತೆ ಹಡಗು ಹತ್ತಿ ಭಾರತಕ್ಕೇ ಬಂದರು.

ನಿವೃತ್ತಿಯ ನಂತರವೂ ಕರೆ ಬಂತು. 1964ರಲ್ಲಿ ಸೈಪ್ರಸ್ ದ್ವೀಪದಲ್ಲಿ ಕಾದಾಡುತ್ತಿದ್ದ ಗ್ರೀಕರು, ತುರ್ಕರ ನಡುವೆ ನಿಂತ ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕತ್ವ ವಹಿಸಿದರು. 1965ರ ಡಿಸೆಂಬರ್ 18ರಂದು, ಕ್ರಿಸ್ಮಸ್ಸಿಗೆ ಒಂದು ವಾರವಿರುವಾಗ, ಅಲ್ಲೇ ಹೃದಯಾಘಾತದಿಂದ ತೀರಿಕೊಂಡರು. ಮರುವರ್ಷ ಸೈಪ್ರಸ್ ಸರ್ಕಾರ ಅವರ ಹೆಸರಿನಲ್ಲಿ ಅಂಚೆಚೀಟಿ ಹೊರಡಿಸಿತು. ಮಡಿಕೇರಿಯ ಅವರ ಮನೆ ‘ಸನ್ನಿ ಸೈಡ್’ 2021ರ ಫೆಬ್ರವರಿಯಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಕೊಡಗಿನ ಕಡೆ ಪ್ರವಾಸ ಹೊರಟರೆ ಮಕ್ಕಳನ್ನು ಅಲ್ಲಿಗೂ ಕರೆದೊಯ್ಯಿರಿ.