ಕೆಪ್ಲರ್ ಪಂಡಿತನ ದುಡಿಮೆಯೂ ದುಃಖವೂ

ಮನೆಯಲ್ಲಿ ಮರಣವು ಸಂಭವಿಸಿದಾಗ ಹೊಲವು ನಮಗಾಗಿ ಕಾದಿರುವದಿಲ್ಲ. ಕೆಲಸ ಕೊಡುವ ಧಣಿಯೂ ಕಾದಿರುವದಿಲ್ಲ. ಮಗುವನ್ನು ಮಣ್ಣುಮಾಡಿ ಬಂದವನು ಮಾರನೆಯ ದಿನ ಕೂಲಿಗೆ ಹೋಗದಿದ್ದರೆ ಉಳಿದ ಮಕ್ಕಳ ಒಲೆಯು ಉರಿಯುವದಿಲ್ಲ. ಈ ಕಷ್ಟವು ಬಡ ರೈತರಿಗೆ ಮಾತ್ರ ಬರುವದೆಂದು ನೆನಸಬಾರದು. ಗ್ರಹಗಳ ದಾರಿಯನ್ನು ಲೋಕಕ್ಕೆ ತೋರಿಸಿದ ಯೋಹಾನ್ ಕೆಪ್ಲರ್ ಎಂಬ ಮಹಾಪಂಡಿತನು ತನ್ನ ಜೀವಮಾನವೆಲ್ಲಾ ಇದನ್ನೇ ಅನುಭವಿಸಿದನು. ಆತನ ಚರಿತ್ರೆಯನ್ನು ಈ ಸಾರಿ ನಿಮಗೆ ಹೇಳುತ್ತೇವೆ.

ಕೆಪ್ಲರನು 1571ನೇ ಡಿಸೆಂಬರ್ 27ರಲ್ಲಿ ಜರ್ಮನ್ ದೇಶದ ವೈಲ್ ಎಂಬ ಚಿಕ್ಕ ಪಟ್ಟಣದಲ್ಲಿ ಹುಟ್ಟಿದನು. ತಂದೆಯು ಕೂಲಿಯ ಸಿಪಾಯಿಯಾಗಿ ದೂರದ ಯುದ್ಧಗಳಿಗೆ ಹೋಗಿ ಕಡೆಗೆ ಮನೆಗೆ ತಿರಿಗಿ ಬರಲೇ ಇಲ್ಲ. ಚಿಕ್ಕಂದಿನಲ್ಲಿ ಬಂದ ಸಿಡುಬಿನಿಂದ ಹುಡುಗನ ಕಣ್ಣುಗಳು ಮಂಕಾದವು. ಹೀಗಿದ್ದರೂ ಆತನ ಬುದ್ಧಿಯನ್ನು ಕಂಡು ಸಂಸ್ಥಾನದವರು ಧರ್ಮಾರ್ಥವಾಗಿ ಸೆಮಿನೆರಿಯಲ್ಲಿ ಓದಿಸಿದರು. ಟ್ಯೂಬಿಂಗೆನ್ ವಿದ್ಯಾಶಾಲೆಯಲ್ಲಿ ಆತನು ಬೋಧಕನಾಗಬೇಕೆಂಬ ಆಶೆಯಿಂದ ದೇವಶಾಸ್ತ್ರವನ್ನು ಕಲಿಯುತ್ತಿದ್ದನು. ಆದರೆ 1594ರಲ್ಲಿ ಗ್ರಾಟ್ಸ್ ಪಟ್ಟಣದ ಪ್ರೊಟೆಸ್ಟಂಟ್ ಶಾಲೆಗೆ ಗಣಿತದ ಉಪಾಧ್ಯಾಯನು ಬೇಕಾಗಲು, ಹಿರಿಯರು ಆತನನ್ನೇ ಕಳುಹಿಸಿದರು. ತಾನು ಬಯಸದೆ ಇದ್ದ ಈ ಕೆಲಸವೇ ಆತನ ಆಯುಷ್ಯದ ಕೆಲಸವಾಯಿತು.

1597ರಲ್ಲಿ ಆತನು ಬಾರ್ಬರಾ ಎಂಬ ವಿಧವೆಯನ್ನು ಮದುವೆಯಾದನು. ಅವರ ಮೊದಲನೆಯ ಎರಡು ಕೂಸುಗಳು ಕೆಲವು ವಾರಗಳು ಮಾತ್ರ ಬದುಕಿ ತೀರಿಹೋದವು. ಅದೇ ಕಾಲದಲ್ಲಿ ಆ ಸೀಮೆಯ ಅರಸನು ಪ್ರೊಟೆಸ್ಟಂಟರನ್ನು ಹಿಂಸಿಸತೊಡಗಿದನು. 1600ರಲ್ಲಿ, ಮತವನ್ನು ಬಿಡಬೇಕು ಇಲ್ಲವೆ ಊರನ್ನು ಬಿಡಬೇಕು ಎಂಬ ಅಪ್ಪಣೆಯಾಯಿತು. ಕೆಪ್ಲರನು ಊರನ್ನು ಬಿಟ್ಟನು. ಕೆಲಸಕ್ಕಾಗಿ ತನ್ನ ಹಳೇ ಗುರುವಿಗೆ ಕಾಗದ ಬರೆದು ಬೇಡಿಕೊಂಡರೂ ಸ್ಥಳ ಸಿಕ್ಕಲಿಲ್ಲ. ಆಗ ಪ್ರಾಗ್ ಪಟ್ಟಣದಲ್ಲಿ ಚಕ್ರವರ್ತಿಯ ಜ್ಯೋತಿಶ್ಶಾಸ್ತ್ರಿಯಾಗಿದ್ದ ಟೈಕೋ ಬ್ರಾಹೆಯ ಬಳಿ ಸಹಾಯಕನಾಗಿ ಸೇರಿದನು. 1601ರಲ್ಲಿ ಟೈಕೋ ಸಾಯಲು, ಆ ಉದ್ಯೋಗವು ಕೆಪ್ಲರನಿಗೆ ದೊರೆಯಿತು. ಹೆಸರು ದೊಡ್ಡದು, ಸಂಬಳವಾದರೋ ಕಾಗದದ ಮೇಲೆಯೇ ಹೆಚ್ಚು. ಖಜಾನೆಯ ಬಾಗಿಲಲ್ಲಿ ಆತನು ಬಹು ಸಾರಿ ಬೇಡುವವನಂತೆ ನಿಲ್ಲಬೇಕಾಯಿತು. ಆದಾಗ್ಯೂ ಅಲ್ಲಿ ಬಹು ವರುಷ ಲೆಕ್ಕಹಾಕಿ, ಗ್ರಹಗಳು ಸೂರ್ಯನನ್ನು ಸುತ್ತುವ ದಾರಿಯು ದುಂಡಗಲ್ಲ, ತುಸು ನೀಳವಾಗಿರುವದೆಂದು ಕಂಡುಹಿಡಿದು 1609ರಲ್ಲಿ ಪ್ರಕಟಿಸಿದನು.

1611ನೇ ವರುಷವು ಆತನ ಮನೆಯನ್ನು ಮುರಿಯಿತು. ಯುದ್ಧದ ದಂಡು ಪ್ರಾಗಿನೊಳಗೆ ನುಗ್ಗಿತು. ಅದರೊಂದಿಗೆ ರೋಗಗಳೂ ಬಂದವು. ಮೂವರು ಮಕ್ಕಳಿಗೂ ಸಿಡುಬು ಎದ್ದು, ಆರು ವರುಷದ ಫ್ರೀಡ್ರಿಖ್ ಎಂಬ ಮುದ್ದು ಮಗನು ಸತ್ತನು. ಕೆಲವು ತಿಂಗಳಲ್ಲಿ ಬಾರ್ಬರಳೂ ತೀರಿಕೊಂಡಳು. ಚಕ್ರವರ್ತಿಯು ಅಧಿಕಾರವನ್ನು ಕಳಕೊಂಡದ್ದರಿಂದ ಕೆಲಸಕ್ಕೂ ಆಧಾರವಿಲ್ಲದೆ ಹೋಯಿತು. ಕೆಪ್ಲರನು ಹುಟ್ಟಿದ ಸೀಮೆಯಲ್ಲಿ ಉಪಾಧ್ಯಾಯನ ಸ್ಥಳವನ್ನು ಕೇಳಿದನು. ಆದರೆ ಆ ಸಭೆಯ ಮತಪ್ರತಿಜ್ಞೆಯಲ್ಲಿ ಕರ್ತನ ಶರೀರದ ವಿಷಯವಾಗಿದ್ದ ಒಂದು ಉಪದೇಶವನ್ನು ಆತನ ಮನಸ್ಸಾಕ್ಷಿಯು ಒಪ್ಪಲಿಲ್ಲ. ಒಂದು ರುಜು ಹಾಕಿದ್ದರೆ ಅನ್ನವು ಸಿಕ್ಕುತ್ತಿತ್ತು, ಆತನು ಹಾಕಲಿಲ್ಲ. ಆದಕಾರಣ 1612ರಲ್ಲಿ ತಾಯಿಯಿಲ್ಲದ ಇಬ್ಬರು ಮಕ್ಕಳುಳ್ಳ ಆತನು ಲಿಂಟ್ಸ್ ಪಟ್ಟಣದಲ್ಲಿ ಚಿಕ್ಕದೊಂದು ಉದ್ಯೋಗವನ್ನು ಹಿಡಿದನು. ಅಲ್ಲಿಯ ಬೋಧಕನೂ ಅದೇ ಕಾರಣದಿಂದ ಆತನನ್ನು ರಾತ್ರಿಭೋಜನದಿಂದ ದೂರಮಾಡಿದನು. ಪ್ರೊಟೆಸ್ಟಂಟನೆಂದು ಅರಸನಿಂದ ಹೊರಗಾದವನು ತನ್ನವರಿಂದಲೂ ಹೊರಗಾದನು. ಸಭೆಯವರಾದ ನಾವು ಇದನ್ನು ಓದುವಾಗ ನಾಚಬೇಕು.

1613ರಲ್ಲಿ ಆತನು ಸುಸನ್ನಾ ಎಂಬ ಅನಾಥ ಕನ್ಯೆಯನ್ನು ಮದುವೆಯಾದನು. ಅವರ ಮೊದಲನೆಯ ಮೂವರು ಮಕ್ಕಳೂ ಎಳೇ ಪ್ರಾಯದಲ್ಲೇ ಸತ್ತರು. 1618ರ ಫೆಬ್ರವರಿಯಲ್ಲಿ ಒಂದು ಹೆಣ್ಣುಮಗುವು ತೀರಿಹೋದಾಗ, ನೆಮ್ಮದಿಯಿಲ್ಲದೆ ಮಾಡಲಾಗದ ಗ್ರಹಗಣಿತವನ್ನು ಆತನು ಬದಿಗಿಟ್ಟು ಸೃಷ್ಟಿಯ ಸಾಮರಸ್ಯವನ್ನು ಕುರಿತ ಗ್ರಂಥಕ್ಕೆ ಮನಸ್ಸು ಕೊಟ್ಟನು. ಅದೇ ವರುಷದ ಮೇ ತಿಂಗಳಲ್ಲಿ ಆತನ ಮೂರನೆಯ ನಿಯಮವು ಹೊಳೆಯಿತು. ಗ್ರಹವು ಸೂರ್ಯನಿಂದ ಎಷ್ಟು ದೂರವೋ ಅದಕ್ಕೆ ತಕ್ಕಂತೆ ಅದರ ಸುತ್ತಿನ ಕಾಲವು ಗೊತ್ತಾಗಿದೆ. ಭೂಮಿಗಿಂತ ನಾಲ್ಕರಷ್ಟು ದೂರದಲ್ಲಿರುವದಕ್ಕೆ ಒಂದು ಸುತ್ತಿಗೆ 8 ವರುಷ ಬೇಕು. ಇಂದಿಗೂ ಪಂಡಿತರು ಈ ನಿಯಮದಿಂದಲೇ ಲೆಕ್ಕಹಾಕುತ್ತಾರೆ.

ಇಷ್ಟರಲ್ಲಿ ಆತನ ಮುದಿ ತಾಯಿಯಾದ ಕತರೀನಳನ್ನು ನೆರೆಯವರು ಮಾಟಗಾತಿಯೆಂದು ದೂರಿದರು. 1620ರಲ್ಲಿ ಆಕೆಯನ್ನು ಸೆರೆಹಿಡಿದು ಸರಪಣಿಯಿಂದ ಬಿಗಿದರು. ಕೆಪ್ಲರನು ಕೆಲಸವನ್ನು ನಿಲ್ಲಿಸಿ ಬಹುದೂರ ಪ್ರಯಾಣಮಾಡಿ ತಾಯಿಯ ಪಕ್ಷವಾಗಿ ನ್ಯಾಯಸ್ಥಾನದಲ್ಲಿ ವಾದಿಸಿದನು. ಹಿಂಸೆಯ ಆಯುಧಗಳನ್ನು ತೋರಿಸಿ ಹೆದರಿಸಿದರೂ ಆ ಮುದುಕಿಯು ಮಾಡದ ತಪ್ಪನ್ನು ಒಪ್ಪಲಿಲ್ಲ. 14 ತಿಂಗಳಾದ ಮೇಲೆ, 1621ರಲ್ಲಿ, ಬಿಡುಗಡೆಯಾಯಿತು. ಮರುವರುಷ ಆಕೆಯು ಸತ್ತಳು.

ಆತನ ಕೊನೆಯ ವರುಷಗಳಲ್ಲಿಯೂ ವಿಶ್ರಾಂತಿಯಿರಲಿಲ್ಲ. 1626ರಲ್ಲಿ ದಂಗೆಯೆದ್ದ ರೈತರು ಲಿಂಟ್ಸನ್ನು ಮುತ್ತಲು ಅಚ್ಚುಕೂಟವು ಸುಟ್ಟುಹೋಯಿತು. ಆತನು ಉಲ್ಮ್ ಪಟ್ಟಣಕ್ಕೆ ಹೋಗಿ 1627ರಲ್ಲಿ ತನ್ನ ಗ್ರಹಗಣಿತದ ಪುಸ್ತಕವನ್ನು ಅಚ್ಚುಮಾಡಿಸಿದನು. ಖಜಾನೆಯಿಂದ ಬರಬೇಕಾದ ಬಾಕಿ ಸಂಬಳವು ಆಗ ಸುಮಾರು 12,000 ಗುಲ್ಡೆನ್ ನಾಣ್ಯಗಳಿಗೆ ಏರಿತ್ತು. 1630ರಲ್ಲಿ ಹಣದ ವಿಷಯವಾಗಿಯೇ ರೇಗೆನ್ಸ್‌ಬರ್ಗಿಗೆ ಕುದುರೆಯ ಮೇಲೆ ಹೋದವನು ಜ್ವರಬಿದ್ದು ನವೆಂಬರ್ 15ರಲ್ಲಿ ನಿದ್ರೆಹೋದನು. ಬಾಕಿಯು ಆತನ ಕೈಸೇರಲಿಲ್ಲ. ಆತನ ಸಮಾಧಿಯೂ ಯುದ್ಧದಲ್ಲಿ ಹಾಳಾಗಿ ಗುರುತಿಲ್ಲದೆ ಹೋಯಿತು.

ಪ್ರಿಯರೇ, ದುಃಖಪಟ್ಟವನಿಗೆಲ್ಲಾ ಕೂಡಲೆ ಒಳ್ಳೇ ಕಾಲ ಬರುವದೆಂದು ಈ ಚರಿತ್ರೆಯು ಹೇಳುವದಿಲ್ಲ, ನಾವೂ ಹೇಳಲಾರೆವು. ಆದರೆ ಮುರಿದ ಮನೆಯೊಳಗಿಂದಲೂ ಒಬ್ಬನು ನಂಬಿಗಸ್ತನಾಗಿ ತನ್ನ ಕೆಲಸವನ್ನು ಮಾಡಬಹುದೆಂದೂ, ಒಂದು ಕೆಲಸಕ್ಕೆ ಮನಸ್ಸು ನಿಲ್ಲದ ದಿನದಲ್ಲಿ ಮತ್ತೊಂದನ್ನು ಹಿಡಿಯಬಹುದೆಂದೂ ಇದರಿಂದ ಕಲಿಯುತ್ತೇವೆ. ಮತ್ತೊಂದು ಪಾಠವು ನೆರೆಯವರಾದ ನಮಗೆ. ಸಾವು ನಡೆದ ಮನೆಗೆ ಆದರಣೆಯ ಮಾತನ್ನು ಒಯ್ಯುವದು ಒಳ್ಳೇದು. ಅದರ ಸಂಗಡ ಆ ಮನೆಯವನ ಬಾಕಿ ಕೂಲಿಯನ್ನು ತಡಮಾಡದೆ ಒಯ್ಯೋಣ. ಅವನು ನಾಲ್ಕು ದಿನ ಕೆಲಸಕ್ಕೆ ಬಾರದೆ ಹೋದರೆ ಆ ಸ್ಥಳವನ್ನು ಮತ್ತೊಬ್ಬನಿಗೆ ಕೊಡದೆ ಅವನಿಗಾಗಿಯೇ ಇಟ್ಟಿರೋಣ.