ಆಣೆಗಿಂತ ನಡೆ ಹಿರಿದು : ಚಾರ್ಲ್ಸ್ ಬ್ರಾಡ್ಲಾನ ಜೀವಿತ

ದೇವರಲ್ಲಿ ನಂಬುಗೆಯಿಲ್ಲದವನು ಸತ್ಯಶೀಲನಾಗಿರಬಲ್ಲನೇ? ಮೇಲೊಬ್ಬನ ಭಯವಿಲ್ಲದವನ ಮಾತಿಗೆ ಬೆಲೆಯುಂಟೇ? ಪರಲೋಕದ ಆಸೆಯಿಲ್ಲದವನ ಬಾಳಿಗೆ ಗುರಿಯಾವುದು? ಭಕ್ತರ ಮನೆಗಳಲ್ಲಿ ಆಗಾಗ ಏಳುವ ಈ ಪ್ರಶ್ನೆಗಳು ಒಂದು ಕಾಲದಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟನ್ನೇ ಆರು ವರ್ಷಗಳವರೆಗೆ ಕಲಕಿದುವು. ಅದಕ್ಕೆ ಕಾರಣನಾದವನು ಚಾರ್ಲ್ಸ್ ಬ್ರಾಡ್ಲಾ ಎಂಬ ನಿರೀಶ್ವರವಾದಿ. ಆತನ ಸಿದ್ಧಾಂತವು ಶಿವಭಕ್ತರಿಗೆ ಒಪ್ಪಿಗೆಯಾಗತಕ್ಕದ್ದಲ್ಲ. ಆದರೆ ಆತನ ನಡತೆಯು ಭಕ್ತರೂ ಮನಗಾಣತಕ್ಕದ್ದಾಗಿದೆ.

ಬ್ರಾಡ್ಲಾನು 1833ನೆಯ ಇಸವಿ ಸೆಪ್ಟೆಂಬರ್ 26ರಂದು ಲಂಡನ್ ನಗರದ ಹಾಕ್ಸ್‌ಟನ್ ಎಂಬ ಬಡವರ ಕೇರಿಯಲ್ಲಿ ಹುಟ್ಟಿದನು. ತಂದೆ ವಕೀಲರೊಬ್ಬರ ಕಚೇರಿಯ ಗುಮಾಸ್ತೆ. ಹನ್ನೊಂದು ವರ್ಷಕ್ಕೇ ಬಾಲಕನ ಶಾಲೆ ಮುಗಿದು ದುಡಿಮೆ ಪ್ರಾರಂಭವಾಯಿತು. ಆದರೂ ಓದಿನ ಹಂಬಲವು ಕುಂದಲಿಲ್ಲ. ಆಗ ಆತನು ದೈವಭಕ್ತನೇ ಆಗಿದ್ದು, ಚರ್ಚಿನ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದನು. ಲಂಡನ್ನಿನ ಬಿಷಪ್ಪರು ಆ ಚರ್ಚಿಗೆ ದಯಮಾಡಿಸುವ ಸಂದರ್ಭ ಒದಗಿತು. ಅವರ ಮುಂದೆ ನಿಲ್ಲಲು ಸಿದ್ಧನಾಗಬೇಕೆಂದು ಪಾದ್ರಿ ಪ್ಯಾಕರನು ಈ ಹುಡುಗನಿಗೆ ಅಪ್ಪಣೆ ಮಾಡಿದನು. ಹುಡುಗನು ನಾಲ್ಕು ಸುವಾರ್ತೆಗಳನ್ನೂ ಚರ್ಚಿನ ಮೂವತ್ತೊಂಬತ್ತು ಸೂತ್ರಗಳನ್ನೂ ಶ್ರದ್ಧೆಯಿಂದ ಓದಿ ಹೋಲಿಸಿದನು. ಅಲ್ಲಲ್ಲಿ ಒಂದಕ್ಕೊಂದು ಹೊಂದದಂತೆ ಕಂಡಿತು. ಸಂದೇಹವನ್ನು ಪರಿಹರಿಸಬೇಕೆಂದು ವಿನಯದಿಂದ ಪಾದ್ರಿಗೆ ಪತ್ರ ಬರೆದನು. ಪಾದ್ರಿಯು ಸಂದೇಹವನ್ನು ಪರಿಹರಿಸಲಿಲ್ಲ. ಹುಡುಗನು ನಾಸ್ತಿಕನಾಗುತ್ತಿದ್ದಾನೆಂದು ತಂದೆಗೆ ತಿಳಿಸಿ, ಮೂರು ತಿಂಗಳು ಪಾಠ ಹೇಳಬಾರದೆಂದು ತಡೆದನು.

ಜಿಜ್ಞಾಸುವಿಗೆ ಗುರುವು ದೊರೆಯಬೇಕಾದ ಎಡೆಯಲ್ಲಿ ದಂಡಿಸುವವನು ದೊರೆತನು. ಕಡೆಗೆ ಮೂರು ದಿವಸದೊಳಗೆ ಅಭಿಪ್ರಾಯ ಬದಲಾಯಿಸದಿದ್ದರೆ ಕೆಲಸ ಹೋಗುವುದೆಂಬ ಎಚ್ಚರಿಕೆಯೂ ಬಂದಿತು. ಒಪ್ಪಿದೆನೆಂಬ ಒಂದು ಸುಳ್ಳಿನಿಂದ ಎಲ್ಲವೂ ಸರಿಹೋಗುತ್ತಿದ್ದಿತು. ಬ್ರಾಡ್ಲಾನು ಆ ಸುಳ್ಳನ್ನು ಆಡಲಾರದೆ ಹದಿನಾರರ ಹರೆಯದಲ್ಲಿ ಮನೆಬಿಟ್ಟನು. ಹೊಟ್ಟೆಪಾಡಿಗೆ ಕಲ್ಲಿದ್ದಲು ಮಾರತೊಡಗಿದನು. ಆತನಿಂದ ಹೆಚ್ಚಾಗಿ ಕೊಳ್ಳುತ್ತಿದ್ದವಳು ರೊಟ್ಟಿ ಸುಡುವವನೊಬ್ಬನ ಹೆಂಡತಿ. ನಾಸ್ತಿಕನ ಕಲ್ಲಿದ್ದಲಿನಲ್ಲಿ ಬೆಂದ ರೊಟ್ಟಿಗೆ ನರಕದ ಗಂಧಕದ ವಾಸನೆ ಹತ್ತೀತೆಂದು ಹೆದರಿ ಅವಳೂ ವ್ಯಾಪಾರ ನಿಲ್ಲಿಸಿದಳು. ಸಾಲಕ್ಕೆ ಸಿಕ್ಕಿದ ತರುಣನು 1850ರಲ್ಲಿ ಸೈನ್ಯ ಸೇರಿ ಐರ್ಲೆಂಡಿಗೆ ಹೋದನು. ಗೇಣಿ ಕೊಡಲಾರದ ಒಕ್ಕಲುಗಳನ್ನು ಮನೆಗಳಿಂದ ಹೊರಗೆ ನೂಕುವ ದೃಶ್ಯವನ್ನು ಅಲ್ಲಿ ಕಣ್ಣಾರೆ ಕಂಡನು. ಬಡವರ ಪಕ್ಷ ವಹಿಸುವ ಸಂಕಲ್ಪಕ್ಕೆ ಅದು ಬಲ ಕೊಟ್ಟಿತು. 1853ರಲ್ಲಿ ಸೈನ್ಯವನ್ನು ಬಿಟ್ಟು ಲಂಡನ್ನಿಗೆ ಮರಳಿ ವಕೀಲರ ಗುಮಾಸ್ತೆಯಾದನು. ರಾತ್ರಿಯ ಹೊತ್ತು ಉಪನ್ಯಾಸಕ್ಕೆ ನಿಂತನು. 1866ರಲ್ಲಿ ರಾಷ್ಟ್ರೀಯ ಸೆಕ್ಯುಲರ್ ಸಂಘವನ್ನು ಸ್ಥಾಪಿಸಿದನು. ಧರ್ಮಗ್ರಂಥಗಳನ್ನು ಕುರಿತ ಆತನ ಮಾತು ಎಷ್ಟೋ ಸಲ ಕಟುವಾಗಿದ್ದು ಭಾವುಕರ ಮನಸ್ಸನ್ನು ನೋಯಿಸಿತೆಂಬುದೂ ನಿಜ.

ಆ ಕಾಲದ ನ್ಯಾಯಾಲಯಗಳಲ್ಲಿ ದೇವರನ್ನು ನಂಬದವನು ಸಾಕ್ಷಿ ನುಡಿಯುವಂತಿರಲಿಲ್ಲ. ತನಗೆ ಸಲ್ಲಬೇಕಾದ ಹಣಕ್ಕಾಗಿ ಬ್ರಾಡ್ಲಾನು ಹೂಡಿದ ದಾವೆಯಲ್ಲಿ ಆತನ ಸಾಕ್ಷ್ಯವನ್ನೇ ಸ್ವೀಕರಿಸಲಿಲ್ಲ. ಇಲ್ಲಿಯ ವಿಪರೀತವನ್ನು ಗಮನಿಸಬೇಕು. ದೇವರನ್ನು ನಂಬದಿದ್ದರೂ ನಂಬುವೆನೆಂದು ಸುಳ್ಳಾಡಿದವನ ಸಾಕ್ಷ್ಯವು ಸಲ್ಲುತ್ತಿದ್ದಿತು. ನಂಬೆನೆಂದು ನಿಜವನ್ನಾಡಿದವನ ಸಾಕ್ಷ್ಯವು ಸಲ್ಲುತ್ತಿರಲಿಲ್ಲ. ಸತ್ಯವನ್ನು ಕಾಯಲೆಂದು ಮಾಡಿದ ಕಟ್ಟಳೆಯು ಸತ್ಯವಂತನನ್ನೇ ಹೊರದೂಡಿತು. 1869 ಮತ್ತು 1870ರ ಕಾಯಿದೆಗಳಿಂದ ಈ ದೋಷವು ನಿವಾರಣೆಯಾಗಿ, ಅಂಥವರು ಆಣೆಯ ಬದಲು ತಮ್ಮ ಮಾತನ್ನೇ ಕೊಟ್ಟು ಸಾಕ್ಷಿ ಹೇಳಲು ಅವಕಾಶವಾಯಿತು.

1880ರಲ್ಲಿ ನಾರ್ತಾಂಪ್ಟನ್ ಪಟ್ಟಣದ ಮತದಾರರು ಬ್ರಾಡ್ಲಾನನ್ನು ಪಾರ್ಲಿಮೆಂಟಿಗೆ ಆರಿಸಿದರು. ಅದು ಪಾದರಕ್ಷೆ ಮಾಡುವ ಕಾಯಕದವರ ಊರು. ಮೇ 3ರಂದು ಆತನು ಸಭೆಗೆ ಹೋಗಿ, ದೇವರ ಹೆಸರಿನ ಆಣೆಯ ಬದಲು ದೃಢವಚನ ಕೊಡಲು ಅನುಮತಿ ಬೇಡಿದನು. ವಿಚಾರಣಾ ಸಮಿತಿಯು ಒಂದೇ ಮತದ ಆಧಿಕ್ಯದಿಂದ ನಿರಾಕರಿಸಿತು. ಹಾಗಾದರೆ ಆಣೆಯನ್ನೇ ಇಡುವೆನೆಂದು ಆತನು ಮುಂದೆ ಬಂದನು. ಅದರಲ್ಲಿಯ ದೇವರ ಹೆಸರು ತನಗೆ ಅರ್ಥವಿಲ್ಲದ್ದಾದರೂ, ಅದು ವಿಧಿಸುವ ಕರ್ತವ್ಯಕ್ಕೆ ತಾನು ಪೂರ್ಣವಾಗಿ ಬದ್ಧನೆಂದು ಪತ್ರಿಕೆಯಲ್ಲಿ ಪ್ರಕಟಿಸಿದನು. ನಂಬದ ಮಾತನ್ನು ನುಡಿಯಲೊಪ್ಪಿದ್ದು ಆತನ ಜೀವನದಲ್ಲಿ ಆಕ್ಷೇಪಕ್ಕೆ ಎಡೆಗೊಟ್ಟ ಸಂಗತಿ. ನಡೆ ನುಡಿಗಳು ಒಂದಾಗಿರಬೇಕೆಂಬ ದೃಷ್ಟಿಗೆ ಅದು ಕುಂದಾಗಿಯೇ ತೋರುವುದು. ಆದರೆ ಆತನು ಅದನ್ನು ಗುಟ್ಟಾಗಿ ಮಾಡಲಿಲ್ಲ. ಬಾಯಿ ಮುಚ್ಚಿಕೊಂಡು ಆಣೆಯಿಟ್ಟಿದ್ದರೆ ಕೇಳುವವರೇ ಇರಲಿಲ್ಲ. ಮನಸ್ಸನ್ನು ಬಿಚ್ಚಿ ಹೇಳಿದ್ದರಿಂದಲೇ ಆತನಿಗೆ ಬಾಗಿಲು ಮುಚ್ಚಿತು.

ಜೂನ್ 22ರಂದು ಆತನಿಗೆ ಆಣೆಯೂ ಇಲ್ಲ, ದೃಢವಚನವೂ ಇಲ್ಲ ಎಂದು ಸಭೆಯು ನಿರ್ಣಯಿಸಿತು. ಮರುದಿನ ಹೊರಗೆ ಹೋಗಲೊಪ್ಪದ ಬ್ರಾಡ್ಲಾನನ್ನು ಗಡಿಯಾರದ ಗೋಪುರದಲ್ಲಿ ಒಂದು ರಾತ್ರಿ ಬಂಧಿಸಿಟ್ಟರು. ಕೆಲಕಾಲ ತನ್ನ ಹೊಣೆಯ ಮೇಲೆ ದೃಢವಚನ ಕೊಟ್ಟು ಕುಳಿತಿದ್ದ ಆತನ ಸ್ಥಾನವು 1881ರಲ್ಲಿ ನ್ಯಾಯಾಲಯದ ತೀರ್ಪಿನಿಂದ ತೆರವಾಯಿತು. ನಾರ್ತಾಂಪ್ಟನ್ನಿನವರು ಆತನನ್ನೇ ಮತ್ತೆ ಆರಿಸಿದರು. ಅದೇ ವರ್ಷ ಆಗಸ್ಟ್ 3ರಂದು ಒಳಹೋಗಲು ಯತ್ನಿಸಿದಾಗ ಸೇವಕರೂ ಪೋಲೀಸಿನವರೂ ಕೂಡಿ ಆತನನ್ನು ಮೆಟ್ಟಲುಗಳ ಮೇಲಿಂದ ಎಳೆದು ಹೊರಹಾಕಿದರು. ಅಂಗಿ ಹರಿಯಿತು, ಮೈ ಜರ್ಜರಿತವಾಯಿತು. ಹೊರಗೆ ನೆರೆದಿದ್ದ ಸಹಸ್ರಾರು ಅಭಿಮಾನಿಗಳಿಗೆ ಆತನ ಒಂದು ಸನ್ನೆ ಸಾಕಾಗಿದ್ದಿತು. ಆದರೆ ದೊಂಬಿಗೆ ಆತನು ಆಸ್ಪದ ಕೊಡಲಿಲ್ಲ. 1882ರಲ್ಲಿಯೂ 1884ರಲ್ಲಿಯೂ ಆತನು ಮರಳಿ ಆಯ್ಕೆಯಾದನು. ಪಂಡಿತರು ಗ್ರಂಥಗಳಲ್ಲಿ ಹುಡುಕುತ್ತಿದ್ದ ಉತ್ತರವನ್ನು ಪಾದರಕ್ಷೆ ಹೊಲಿಯುವವರು ಆತನ ನಡತೆಯಲ್ಲಿ ಕಂಡುಕೊಂಡಿದ್ದರು. ಹರಳಯ್ಯನಂಥ ಶರಣನನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು.

ಈ ನಡುವೆ ಆತನಿಗೆ ನೆರವಾದವರಲ್ಲಿ ಪ್ರಧಾನಮಂತ್ರಿ ಗ್ಲ್ಯಾಡ್‌ಸ್ಟನ್ನನು ಗಣ್ಯನು. ಆತನು ಪರಮ ದೈವಭಕ್ತನು; ಬ್ರಾಡ್ಲಾನ ಮತವು ಆತನಿಗೆ ಸಂಪೂರ್ಣ ವಿರುದ್ಧವಾದುದು. ಆದರೂ 1883ರ ಏಪ್ರಿಲ್ ತಿಂಗಳಲ್ಲಿ ದೃಢವಚನದ ಮಸೂದೆಯ ಪರವಾಗಿ ದೀರ್ಘವಾಗಿ ಮಾತನಾಡಿ, ಧರ್ಮದ ಹೆಸರಿನಲ್ಲಿ ಅನ್ಯಾಯ ನಡೆದರೆ ಜನರ ಶ್ರದ್ಧೆಗೇ ಹಾನಿಯೆಂದು ಎಚ್ಚರಿಸಿದನು. ಮಸೂದೆಯು 289ಕ್ಕೆ 292 ಮತಗಳಿಂದ ಬಿದ್ದುಹೋಯಿತು. ಕಡೆಗೆ 1886ರ ಜನವರಿ 13ರಂದು ಹೊಸ ಸಭಾಧ್ಯಕ್ಷ ಪೀಲನು ಯಾರ ಆಕ್ಷೇಪವನ್ನೂ ಕೇಳದೆ ಬ್ರಾಡ್ಲಾನಿಗೆ ಸ್ಥಾನ ಕೊಟ್ಟನು. ಎರಡು ವರ್ಷಗಳ ತರುವಾಯ, 1888ರಲ್ಲಿ, ಬ್ರಾಡ್ಲಾನೇ ಮುಂದಾಗಿ ತಂದ ಕಾಯಿದೆಯಿಂದ ಪಾರ್ಲಿಮೆಂಟಿನಲ್ಲಿಯೂ ನ್ಯಾಯಾಲಯಗಳಲ್ಲಿಯೂ ದೃಢವಚನದ ಹಕ್ಕು ಸ್ಥಿರವಾಯಿತು. ತನ್ನನ್ನು ಹಿಂಸಿಸಿದವರ ಮೇಲೆ ಸೇಡು ತೀರಿಸಿಕೊಳ್ಳಲು ಆ ಸ್ಥಾನವನ್ನು ಆತನು ಬಳಸಲಿಲ್ಲ.

ಪರಲೋಕವನ್ನು ನಂಬದವನ ಬಾಳಿನ ಗುರಿಯೇನೆಂಬುದಕ್ಕೆ ಆತನ ಕಡೆಯ ವರ್ಷಗಳೇ ಉತ್ತರ. ಓಟು ಕೊಡಲಾರದ, ಆರು ಸಾವಿರ ಮೈಲಿ ದೂರದ ಭಾರತೀಯರ ಕಷ್ಟಗಳನ್ನು ಆತನು ಪಾರ್ಲಿಮೆಂಟಿನಲ್ಲಿ ಎತ್ತಿ ಆಡಿದನು. ಭಾರತದ ಸದಸ್ಯನೆಂಬ ಹೆಸರು ಪಡೆದನು. 1889ರಲ್ಲಿ ಕಠಿಣ ಕಾಯಿಲೆಯಿಂದ ಎದ್ದವನೇ ಮುಂಬಯಿಗೆ ಬಂದು ಕಾಂಗ್ರೆಸ್ ಅಧಿವೇಶನದಲ್ಲಿ ಭಾಗವಹಿಸಿದನು. ಹಿಂದಿರುಗಿ, ಶಾಸನಸಭೆಗಳ ಸುಧಾರಣೆಗಾಗಿ ಮಸೂದೆಯನ್ನು ಮಂಡಿಸಿದನು. ಇದರಿಂದ ಆತನಿಗೆ ಇಹದಲ್ಲಿ ಹಣವಿಲ್ಲ. ಪರದಲ್ಲಿ ಪುಣ್ಯವುಂಟೆಂದು ಆತನು ನಂಬಿರಲಿಲ್ಲ.

1891ರ ಜನವರಿಯಲ್ಲಿ ಆತನು ಮತ್ತೆ ಹಾಸಿಗೆ ಹಿಡಿದನು. ಅದೇ ತಿಂಗಳ 27ರಂದು ಪಾರ್ಲಿಮೆಂಟು 1880ರ ತನ್ನ ನಿರ್ಣಯವನ್ನು ದಾಖಲೆಯಿಂದ ತೆಗೆದುಹಾಕಿ ತಪ್ಪನ್ನು ತಿದ್ದಿಕೊಂಡಿತು. ಅದನ್ನು ಕೇಳಿ ತಿಳಿಯುವ ಸ್ಥಿತಿಯಲ್ಲಿ ಆತನಿರಲಿಲ್ಲ. 30ರಂದು, ಐವತ್ತೇಳರ ವಯಸ್ಸಿನಲ್ಲಿ ತೀರಿಕೊಂಡನು. ಬ್ರೂಕ್‌ವುಡ್ ಸ್ಮಶಾನಕ್ಕೆ ಬಂದವರಲ್ಲಿ ಕೆಲವರು ಪಾದ್ರಿಗಳೂ ಇದ್ದರು. ಲಂಡನ್ನಿನಲ್ಲಿ ಓದುತ್ತಿದ್ದ ಇಪ್ಪತ್ತೊಂದು ವರ್ಷದ ಮೋಹನದಾಸ ಗಾಂಧಿಯೂ ಇದ್ದನು. ನಾಸ್ತಿಕವಾದವು ಗಾಂಧೀಜಿಯವರಿಗೆ ಎಂದೂ ರುಚಿಸಲಿಲ್ಲ. ಆದರೂ ಆ ಸತ್ಯನಿಷ್ಠನಿಗೆ ಗೌರವ ಸಲ್ಲಿಸಲು ಅವರು ಹಿಂಜರಿಯಲಿಲ್ಲ.

ದೇವರಿಲ್ಲವೆಂಬುದು ಈ ಜೀವನದಿಂದ ಸಿದ್ಧವಾಗುವುದಿಲ್ಲ. ದೇವರ ಭಯವೊಂದೇ ಸದಾಚಾರದ ಬೇರಲ್ಲವೆಂಬುದು ಮಾತ್ರ ಸಿದ್ಧವಾಗುತ್ತದೆ. ಸ್ವರ್ಗನರಕಗಳನ್ನು ಬೇರೆಲ್ಲಿಯೋ ಅರಸದೆ ಮನುಷ್ಯನ ನಡತೆಯಲ್ಲಿಯೇ ಕಂಡ ಶರಣರಿಗೆ ಇದು ಹೊಸ ಮಾತಲ್ಲ. ಕದಿಯದಂತೆ, ಹುಸಿಯದಂತೆ ಕಾಯುವ ಕಾವಲುಗಾರನೆಂದಷ್ಟೇ ದೇವರನ್ನು ತಿಳಿಯುವುದು ಭಕ್ತಿಯೆನಿಸದು. ಭಕ್ತನಿಗೆ ಲಿಂಗವು ಪ್ರಾಣಪ್ರಿಯವಾದುದು. ಆತನ ಸದಾಚಾರವು ಆ ಪ್ರೀತಿಯಿಂದ ತಾನಾಗಿ ಹೊಮ್ಮತಕ್ಕದ್ದು. ಆ ಸಮರ್ಪಣೆಯ ಆನಂದವನ್ನು ಬ್ರಾಡ್ಲಾನು ಅರಿಯಲಿಲ್ಲ; ಹುಡುಗತನದ ಸಂದೇಹಕ್ಕೆ ಕರುಣೆಯ ಉತ್ತರವು ದೊರೆತಿದ್ದರೆ ಅರಿಯುತ್ತಿದ್ದನೋ ಏನೋ. ಲಿಂಗವನ್ನು ಅಂಗೈಯಲ್ಲಿ ಹಿಡಿದೂ ತೂಕದಲ್ಲಿ ವಂಚಿಸುವವನು ಒಂದು ಕಡೆ. ದೇವರ ಹೆಸರನ್ನೇ ಒಪ್ಪದೆಯೂ ಕೊಟ್ಟ ಮಾತಿಗಾಗಿ ಮೈಯೊಡ್ಡಿದವನು ಇನ್ನೊಂದು ಕಡೆ. ಇವರಿಬ್ಬರಲ್ಲಿ ಶಿವನಿಗೆ ಹತ್ತಿರದವನು ಯಾರೆಂಬುದನ್ನು ಪ್ರತಿಯೊಬ್ಬ ಭಕ್ತನೂ ಪೂಜೆಗೆ ಕುಳಿತಾಗ ತನ್ನನ್ನೇ ಕೇಳಿಕೊಳ್ಳಬೇಕು.